ಛತ್ರಕ್ಕೆ ಮುಯ್ಯಿ ಬಂದ ಲಿಂಕುಗಳು

ನಮ್ಮ ಮನೆ ಮಾಲೀಕರು ಮೆಟ್ಟಿಲು ಹತ್ತಿ ಮೇಲೆ ಬಂದರೆಂದರೆ ಎರಡೇ ಕಾರಣ. ಒಂದೋ ನೀರಿನ ಮೋಟಾರು ಕೆಟ್ಟಿರಬೇಕು, ಇಲ್ಲವೇ ಹಿತ್ತಿಲಲ್ಲಿ ಏನಾದರೂ ಅಗತ್ಯಕ್ಕಿಂತ ಹೆಚ್ಚು ಬೆಳೆದಿರಬೇಕು. ಆ ಆಷಾಢದ ಬೆಳಿಗ್ಗೆ ಅವರ ಕೈಯಲ್ಲಿ ನುಗ್ಗೆಕಾಯಿಯ ಕಟ್ಟು ಇತ್ತು, ಮುಖ ಮಾತ್ರ ಮೋಟಾರು ಕೆಟ್ಟ ದಿನದ ಹಾಗಿತ್ತು. ಕಟ್ಟನ್ನು ಬಾಗಿಲ ಪಕ್ಕ ಇಟ್ಟು, ಚಪ್ಪಲಿ ಬಿಟ್ಟು, ನನ್ನ ಕಂಪ್ಯೂಟರನ್ನು ಅನುಮಾನದಿಂದ ನೋಡಿದರು.

"ತಾಯಿ, ಇದ್ರಲ್ಲಿ ನಮ್ಮ ಛತ್ರ ಇಲ್ವಂತೆ, ಹೌದಾ?"

ನಾನೂ ನನ್ನ ಗಂಡನೂ ಬಿಟಿಎಂ ಲೇಔಟ್‌ನಲ್ಲಿ ಅವರ ಮನೆಯ ಮೊದಲ ಮಹಡಿಗೆ ಬಾಡಿಗೆಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಇಬ್ಬರೂ ಹುಬ್ಬಳ್ಳಿ ಕಡೆಯವರು. ಅವನು ಆಫೀಸಿಗೆ ಹೋದ ಮೇಲೆ ನಾನು ಕಿಟಕಿಯ ಬಳಿ ಕೂತು ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಜಯನಗರ ನಾಲ್ಕನೇ ಬ್ಲಾಕಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ವಿದ್ಯೆ ಅದು. ಎರಡು ಸಾವಿರದ ದಶಕದ ಆ ನಡುವಿನ ವರ್ಷಗಳಲ್ಲಿ ವೆಬ್‌ಸೈಟ್ ಎಂದರೆ ಏನೆಂದು ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು, ಉಳಿದರ್ಧ ಜನ ನನ್ನನ್ನು ಟೈಪಿಂಗ್ ಮಾಡುವ ಹೆಂಗಸು ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಮಾಲೀಕರದು ಆ ಜಾಗದ ಹಳೇ ಊರಿನ ಮನೆತನ. ಲೇಔಟ್ ಬರುವ ಮುಂಚೆ ಅಲ್ಲೆಲ್ಲ ರಾಗಿ, ಅವರೆ, ಕನಕಾಂಬರ ಬೆಳೆದವರು. ಜಮೀನೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದಿದ್ದ ಒಂದು ಅಗಲವಾದ ತುಂಡಿನಲ್ಲಿ ಅಣ್ಣತಮ್ಮಂದಿರು ಮೂವರೂ ಸೇರಿ ಒಂದು ಮದುವೆ ಛತ್ರ ಕಟ್ಟಿಸಿದ್ದರು. ನಮ್ಮ ಮಾಲೀಕರು ಹಿರಿಯರು, ಛತ್ರ ನೋಡಿಕೊಳ್ಳುವವರು. ನಡುವಿನ ತಮ್ಮ ಅಲ್ಲಿಯ ಅಡುಗೆ ಕಂಟ್ರಾಕ್ಟು ಹಿಡಿದಿದ್ದ. ಕಿರಿಯ ತಮ್ಮ ಮಂಟಪಕ್ಕೆ ಹೂವಿನ ಅಲಂಕಾರ ಮಾಡಿಸುತ್ತಿದ್ದ. ನಾನು ಮನಸ್ಸಿನಲ್ಲೇ ಅವರನ್ನು ಅಡುಗೆಯ ತಮ್ಮ, ಹೂವಿನ ತಮ್ಮ ಎಂದು ಕರೆಯುತ್ತಿದ್ದೆ.

ಯಾವುದೋ ಮಾತುಕತೆಗೆ ಬಂದಿದ್ದ ಗಂಡಿನ ಕಡೆಯವರೊಬ್ಬರು ಮಾಲೀಕರಿಗೆ ಹೇಳಿ ಹೋಗಿದ್ದರಂತೆ: ನೆಟ್ಟಲ್ಲಿ ಹುಡುಕಿದೆವು, ನಿಮ್ಮದು ಬರಲೇ ಇಲ್ಲ, ಜೆ.ಪಿ. ನಗರದ್ದೊಂದು ಮೊದಲಿಗೇ ಬಂತು, ಅದನ್ನೇ ಬುಕ್ ಮಾಡಿದೆವು. ನಾನು ಹುಡುಕಿ ತೋರಿಸಿದೆ. ಛತ್ರ ಇರಲಿಲ್ಲ. ಇರುವುದಕ್ಕೆ ಒಂದು ವೆಬ್‌ಸೈಟಾದರೂ ಇರಬೇಕಲ್ಲ.

"ಒಂದು ಮಾಡ್ಕೊಡು ತಾಯಿ," ಎಂದರು. ಆಮೇಲೆ ಮೋಟಾರಿನ ಮುಖದ ನಿಜವಾದ ಕಾರಣವನ್ನೂ ಹೇಳಿದರು. ಟಿವಿ, ಫ್ರಿಜ್ಜು ಮಾರುವ ದೊಡ್ಡ ಅಂಗಡಿಯವರೊಬ್ಬರು ಇಡೀ ಛತ್ರವನ್ನು ಶೋರೂಮ್ ಮಾಡಲು ಲೀಸಿಗೆ ಕೇಳುತ್ತಿದ್ದರು. ತಮ್ಮಂದಿರಿಬ್ಬರಿಗೂ ಕೊಡುವ ಮನಸ್ಸಿತ್ತು. ಕೊನೆಗೆ ಮೂವರೂ ಒಂದು ಮಾತಿಗೆ ಬಂದಿದ್ದರು: ಮುಂದಿನ ಮದುವೆ ಕಾಲಕ್ಕೆ ಛತ್ರ ತುಂಬುವ ಲಕ್ಷಣ ದೀಪಾವಳಿಯೊಳಗೆ ಕಾಣಬೇಕು, ಇಲ್ಲದಿದ್ದರೆ ಶೋರೂಮಿಗೆ ಕೊಟ್ಟುಬಿಡುವುದು.

"ಕೊಟ್ರೆ ನಿಮಗೂ ಆರಾಮಲ್ರಿ ಯಜಮಾನ್ರ," ಎಂದೆ ನಾನು.

"ಆರಾಮು ಸರಿ. ಅಲ್ಲಿ ನಿಂತ್ಕೊಂಡು ನಾನು ಯಾರನ್ನ ಊಟ ಆಯ್ತಾ ಅಂತ ಕೇಳ್ಲಿ?"

ಇದನ್ನು ತಮಾಷೆಗೆ ಹೇಳಿದ್ದಲ್ಲ. ಛತ್ರದಲ್ಲಿ ಯಾರ ಮದುವೆಯೇ ಇರಲಿ, ಅವರು ಬಿಳಿ ಪಂಚೆ ಉಟ್ಟು, ಮೀಸೆ ತೀಡಿ, ಊಟದ ಹಾಲಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಹೋಗುವವರು ಬರುವವರು ಎಲ್ಲರನ್ನೂ ಊಟ ಆಯ್ತಾ ಎಂದು ಕೇಳುವುದು. ಗಂಡಿನ ಕಡೆಯವರು ಅವರನ್ನು ಹೆಣ್ಣಿನ ಸೋದರಮಾವ ಎಂದುಕೊಳ್ಳುತ್ತಿದ್ದರು, ಹೆಣ್ಣಿನ ಕಡೆಯವರು ಗಂಡಿನ ದೊಡ್ಡಪ್ಪ ಎಂದುಕೊಳ್ಳುತ್ತಿದ್ದರು. ಮದುವೆಯಿಲ್ಲದ ಆಷಾಢದಲ್ಲಿ ಆ ಮನುಷ್ಯ ಗೇಟಿನ ಬಳಿ ನಿಂತು ಪೇಪರ್ ಹಾಕುವವನನ್ನೂ ಅದನ್ನೇ ಕೇಳುತ್ತಿದ್ದುದನ್ನು ನಾನು ಮೇಲಿನಿಂದ ನೋಡಿದ್ದೇನೆ. ನನಗೆ ಅವರ ಮೇಲೆ ಪ್ರೀತಿ ಇತ್ತು. ಮಾಡಿಕೊಡುತ್ತೇನೆ ಎಂದೆ.

ಮರುದಿನ ಮೂವರೂ ಮೇಲೆ ಬಂದರು. ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಕುರ್ಚಿ, ಆದ್ದರಿಂದ ಯಾರೂ ಕೂರಲಿಲ್ಲ. ಒಬ್ಬರು ಕೂತು ಒಬ್ಬರು ನಿಂತರೆ ಅದೇ ಒಂದು ಮಾತಾಗುತ್ತದೆ ಎನ್ನುವ ಮನೆ ಅದು. ಕೆಳಗಿನ ಹಳೇ ಮನೆಯನ್ನು ಪಾಲು ಮಾಡಿಕೊಂಡಾಗ ಮೂವರಿಗೂ ಬೇರೆ ಬೇರೆ ಗೇಟು, ಬೇರೆ ಬೇರೆ ಮೀಟರು, ಬೇರೆ ಬೇರೆ ತುಳಸಿಕಟ್ಟೆ ಆಗಿತ್ತು. ಗೇಟುಗಳ ಬಣ್ಣ ಕೂಡ ಬೇರೆ. ಪೋಸ್ಟ್‌ಮ್ಯಾನ್ ಯಾವ ಗೇಟು ಬಡಿಯಬೇಕೆಂದು ತಿಳಿಯದೆ ಎಲ್ಲರ ಕಾಗದವನ್ನೂ ನನ್ನ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದ.

"ನಂಗೆ ಬೇರೆ ಬಾಗಿಲು ಇಡಿ ಮೇಡಂ," ಎಂದ ಹೂವಿನ ತಮ್ಮ. "ಅಣ್ಣನ ಮನೆ ಒಳಗಿಂದ ಬಂದು ನನ್ನನ್ನ ನೋಡ್ಬೇಕು ಅಂದ್ರೆ ಸರಿಹೋಗಲ್ಲ."

"ನಂಗೂ," ಎಂದ ಅಡುಗೆಯ ತಮ್ಮ.

"ಒಂದ ಸೈಟಿನ್ಯಾಗ ಮೂರು ಪೇಜ್ ಮಾಡಿದ್ರ ಸಾಕಲ್ರಿ," ಎಂದೆ ನಾನು.

ಹಿರಿಯರು ತಲೆಯಾಡಿಸಿದರು. "ಬೇಡ ತಾಯಿ. ಒಂದೇ ಬಾಗಿಲಿಟ್ಕೊಂಡು ಸಾಕಷ್ಟು ಜಗಳ ಆಡಿದೀವಿ. ಬೇರೆ ಬೇರೆನೇ ಇರ್ಲಿ."

ಹಾಗೆ ಛತ್ರದ ವೆಬ್‌ಸೈಟ್ ಹುಟ್ಟುವ ಮೊದಲೇ ಪಾಲಾಯಿತು. ಛತ್ರದ ಹೆಸರಿನಲ್ಲಿ ಒಂದು ವಿಳಾಸ. ಅದೇ ಹೆಸರಿನ ಮುಂದೆ ಒಂದು ಚುಕ್ಕಿ, ಚುಕ್ಕಿಯ ಮುಂದೆ 'ಊಟ' ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಅಡುಗೆಯ ತಮ್ಮನದು. ಅಲ್ಲೇ 'ಹೂವು' ಎಂದು ಸೇರಿಸಿದರೆ ಕಿರಿಯವನದು. ಇದಕ್ಕೆ ಸಬ್‌ಡೊಮೇನ್ ಎನ್ನುತ್ತಾರೆ. ಸೈಟು ಒಬ್ಬರದೇ, ಹೆಸರೂ ಒಂದೇ, ಆದರೆ ಅದರೊಳಗೆ ಎದ್ದ ಮನೆ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಒಳಗೆ ದಾರಿ ಬೇಡವೆಂದು ತಮ್ಮಂದಿರು ಹೇಳಿದ್ದರಿಂದ ಅದನ್ನೂ ಇಡಲಿಲ್ಲ. ಬಂದವರಿಗೆ ಕಾಣುವುದು ಮೂರು ಗೇಟು, ಒಂದಕ್ಕೊಂದು ಬೆನ್ನು.

ಶ್ರಾವಣ ಬರುವ ಹೊತ್ತಿಗೆ ಛತ್ರದ ಸೈಟು ಹುಡುಕಾಟದಲ್ಲಿ ಎಂಟನೇ ಪುಟಕ್ಕೆ ಬಂದು ಕೂತಿತು. ಎಂಟನೇ ಪುಟದವರೆಗೆ ಯಾರು ಹೋಗುತ್ತಾರೆ? ಮಾಲೀಕರೊಬ್ಬರೇ ಹೋಗುತ್ತಿದ್ದರು, ಅದೂ ನನ್ನ ಪಕ್ಕ ನಿಂತು, ಒಂದೊಂದೇ ಪುಟ ದಾಟಿಸುತ್ತ.

"ಮುಂದಕ್ಕೆ ಬರ್ಬೇಕು ಅಂದ್ರೆ ಏನ್ ಮಾಡ್ಬೇಕು?"

ಆಗ ನಾನು ಲಿಂಕು ಎಂದರೇನೆಂದು ವಿವರಿಸಿದೆ. ಹುಡುಕಿಕೊಡುವ ಆ ಯಂತ್ರಕ್ಕೆ ನಮ್ಮ ಛತ್ರ ಒಳ್ಳೆಯದೋ ಕೆಟ್ಟದ್ದೋ ತಾನಾಗಿ ಗೊತ್ತಾಗುವುದಿಲ್ಲ. ಬೇರೆ ಸೈಟಿನವರು ತಮ್ಮ ಪುಟದಲ್ಲಿ ನಮ್ಮ ವಿಳಾಸ ಹಾಕಿ, ಇಲ್ಲಿ ಹೋಗಿ ಎಂದು ಕೈ ತೋರಿಸಿದರೆ, ಅದು ನಮ್ಮನ್ನು ನಾಲ್ಕು ಜನ ಬಲ್ಲವರು ಎಂದು ತಿಳಿದುಕೊಳ್ಳುತ್ತದೆ. ಕೈ ತೋರಿಸಿದವರು ತಾವೇ ಗಣ್ಯರಾಗಿದ್ದರೆ ಇನ್ನೂ ಒಳ್ಳೆಯದು.

ಅವರ ಮುಖ ಅರಳಿತು. "ಅಂದ್ರೆ ಮುಯ್ಯಿ ಅನ್ನು."

ನಮ್ಮ ಕಡೆ ಅದನ್ನು ಆಯೇರು ಎನ್ನುತ್ತೇವೆ. ಮದುವೆಗೋ ಗೃಹಪ್ರವೇಶಕ್ಕೋ ಹೋದವರು ಸೀರೆ, ಪಂಚೆ, ಪಾತ್ರೆ ಏನಾದರೂ ಕೊಟ್ಟು ಬರುವುದು. ಅವರ ಮನೆಯಲ್ಲಿ ಶುಭಕಾರ್ಯವಾದಾಗ ಇವರು ಹೋಗಿ ಅದಕ್ಕೆ ಸಮನಾದದ್ದನ್ನು ಹಾಕಿ ಬರುವುದು. ಮಾಲೀಕರು ಮಡಿವಾಳದಿಂದ ಯಡಿಯೂರಿನವರೆಗೆ ಮುಯ್ಯಿ ಹಾಕದ ಮನೆ ಇರಲಿಲ್ಲ. ಯಾರಿಗೆ ಏನು ಕೊಟ್ಟೆ, ಯಾರಿಂದ ಏನು ಬಂತು, ಯಾರದು ಬಾಕಿ ಎಲ್ಲ ಅವರ ತಲೆಯಲ್ಲೇ ಇತ್ತು. ಲಿಂಕು ಎಂದರೆ ಮುಯ್ಯಿ ಎಂದು ಗೊತ್ತಾದ ಮೇಲೆ ಅವರನ್ನು ಹಿಡಿಯುವವರು ಯಾರು? ಮೊಪೆಡ್ ಹತ್ತಿ ಹೊರಟೇಬಿಟ್ಟರು.

ಬೋರ್‌ವೆಲ್ ಕೊರೆಯುವವರು, ನೀರಿನ ಟ್ಯಾಂಕರ್‌ನವರು, ಡ್ರೈವಿಂಗ್ ಸ್ಕೂಲು, ಕನ್ನಡಕದ ಅಂಗಡಿ, ಜಿರಳೆಗೆ ಔಷಧಿ ಹೊಡೆಯುವವರು, ಪ್ಲೈವುಡ್ ಅಂಗಡಿ, ಗಿರಿನಗರದ ಒಂದು ಟ್ಯೂಷನ್ ಸೆಂಟರು. ಯಾರ ಬಳಿ ಒಂದು ವೆಬ್‌ಸೈಟ್ ಇತ್ತೋ ಅವರೆಲ್ಲರೂ ನಮ್ಮ ಛತ್ರಕ್ಕೆ ಲಿಂಕು ಕೊಟ್ಟರು. ನಾವು ಅವರಿಗೆ ಕೊಟ್ಟೆವು. ಸೈಟು ಇಲ್ಲದವರಿಗೆ ಮಾಲೀಕರೇ ನನ್ನಿಂದ ಸೈಟು ಮಾಡಿಸಿ, ಅದರಿಂದ ಲಿಂಕು ಕೊಡಿಸಿದರು. ನನಗೂ ಕೈತುಂಬ ಕೆಲಸ. ಪ್ರತಿದಿನ ಸಂಜೆ ಬಂದು ಇವತ್ತು ಇಂಥವರ ಮುಯ್ಯಿ ಬಂತು, ಹಾಕ್ಕೋ ಎನ್ನುತ್ತಿದ್ದರು. ಮದುವೆ ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರು ಎಂದು ಬಂಧುಗಳ ಹೆಸರು ಹಾಕುತ್ತಾರಲ್ಲ, ಛತ್ರದ ಸೈಟಿನ ತಳದಲ್ಲಿ ಹಾಗೆಯೇ ಒಂದು ಉದ್ದನೆಯ ಸಾಲು ಬೆಳೆಯಿತು. ಶೀರ್ಷಿಕೆಯನ್ನೂ ಹಾಗೇ ಹಾಕಿಸಿದರು.

ಲಗ್ನಪತ್ರಿಕೆ ಎಂದ ಮೇಲೆ ಅದರ ತಂಟೆಗಳೂ ಬಂದವು. ಟ್ಯಾಂಕರ್‌ನವರು ಫೋನು ಮಾಡಿ, ತಮ್ಮ ಹೆಸರು ಬೋರ್‌ವೆಲ್‌ನವರ ಕೆಳಗೆ ಬಂದಿದೆ, ತಾವು ವಯಸ್ಸಿನಲ್ಲಿ ದೊಡ್ಡವರು ಎಂದರು. ಮೇಲೆ ಹಾಕಿದೆ. ಬೋರ್‌ವೆಲ್‌ನವರು ಮುನಿಸಿಕೊಂಡು ತಮ್ಮ ಲಿಂಕು ತೆಗೆದರು. ಮಾಲೀಕರು ಹೋಗಿ ಕಾಫಿ ಕುಡಿದು ಸಮಾಧಾನ ಮಾಡಿ ಬಂದರು. ಇಬ್ಬರನ್ನೂ ಅಕ್ಕಪಕ್ಕ ಒಂದೇ ಸಾಲಿಗೆ ತಂದೆ. ಇವರ ಸಂಭ್ರಮ ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನನ್ನ ಗಂಡ ಮಾತ್ರ, ಮದುವೆ ಛತ್ರ ಹುಡುಕುವವರಿಗೆ ಜಿರಳೆ ಔಷಧಿ ಯಾಕೆ ಎಂದು ಕೇಳಿದ. ಊಟದ ವಿಷಯ ಬಿಟ್ಟು ಬೇರೆಯದಕ್ಕೆ ತಲೆ ಹಾಕಬೇಡ ಎಂದು ಅವನ ಬಾಯಿ ಮುಚ್ಚಿಸಿದೆ.

ಮೊದಲ ಕೆಲವು ವಾರದಲ್ಲಿ ಛತ್ರ ಎಂಟನೇ ಪುಟದಿಂದ ಆರಕ್ಕೆ ಬಂತು. ಮಾಲೀಕರು ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಗೌರಿ ಗಣೇಶ ಹಬ್ಬ ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ಆರರಲ್ಲಿಲ್ಲ. ಎಂಟರಲ್ಲಿಲ್ಲ. ಹೋಗುತ್ತ ಹೋಗುತ್ತ ಪುಟಗಳೇ ಮುಗಿದವು, ನಮ್ಮ ಛತ್ರ ಇಲ್ಲ. ಬೋರ್‌ವೆಲ್‌ನವರೂ ಇಲ್ಲ. ಕನ್ನಡಕದ ಅಂಗಡಿಯೂ ಇಲ್ಲ.

ಅದೇ ವಾರ ಶೋರೂಮಿನವರ ಕಡೆಯಿಂದ ಇಬ್ಬರು ಬಂದು ಟೇಪು ಹಿಡಿದು ಊಟದ ಹಾಲಿನ ಅಳತೆ ತೆಗೆದುಕೊಂಡರು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ಟೇಪಿನ ತುದಿ ಹಿಡಿದುಕೊಳ್ಳಿ ಎಂದು ಅವರು ಇವರ ಕೈಗೇ ಕೊಟ್ಟರಂತೆ, ಇವರು ಹಿಡಿದುಕೊಂಡರಂತೆ. ಅದನ್ನು ನನಗೆ ಹೇಳುವಾಗ ಅವರ ದನಿ ಸಣ್ಣದಾಗಿತ್ತು.

ಈ ಕಸುಬಿನವರು ಸೇರಿ ನೆಟ್ಟಲ್ಲೇ ಚರ್ಚೆ ಮಾಡುವ ಜಾಗಗಳಿದ್ದವು. ಅಲ್ಲಿ ದಿನಗಟ್ಟಲೆ ಓದಿದೆ. ನಮಗಾದದ್ದು ಊರಿಗೆಲ್ಲ ಆಗಿತ್ತು. ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ ಎಂದು ಲಿಂಕು ಬದಲಾಯಿಸಿಕೊಳ್ಳುವವರನ್ನು ಆ ಯಂತ್ರ ಈಗ ಗುರುತು ಹಿಡಿಯುತ್ತಿದೆ, ಅಂಥ ಲಿಂಕುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅತಿಯಾದರೆ ಹಿಂದಕ್ಕೂ ತಳ್ಳುತ್ತದೆ ಎಂದು ಎಲ್ಲರೂ ಗೋಳಾಡುತ್ತಿದ್ದರು. ಮಾಲೀಕರಿಗೆ ಇದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು.

"ಕೊಟ್ಟು ತಗೊಂಡಿದ್ದು ಲೆಕ್ಕಕ್ಕೇ ಇಲ್ವಾ?"

"ಇಲ್ರಿ ಯಜಮಾನ್ರ. ವಾಪಸ್ ಏನೂ ತಗೊಳ್ದ ಕೊಟ್ಟಿದ್ದಷ್ಟ ಲೆಕ್ಕಕ್ಕ ಬರ್ತದ."

ಅವರು ಮೊದಲ ಬಾರಿಗೆ ನಮ್ಮ ಮನೆಯ ಕುರ್ಚಿಯ ಮೇಲೆ ಕೂತರು. "ಹಂಗಾದ್ರೆ ಅದಕ್ಕೆ ನಂಟಸ್ತನ ಅಂದ್ರೆ ಏನೂಂತ ಗೊತ್ತಿಲ್ಲ ಬಿಡು," ಎಂದರು.

ವಾಪಸ್ ತೆಗೆದುಕೊಳ್ಳದೆ ನಮಗೆ ಯಾರಾದರೂ ಲಿಂಕು ಕೊಟ್ಟಿದ್ದಾರೆಯೇ ಎಂದು ನಾನು ಹುಡುಕಲು ಶುರು ಮಾಡಿದ್ದು ಆಗಲೇ. ಇದ್ದರು. ಅಡುಗೆಯ ತಮ್ಮನ ಊಟದ ಬಾಗಿಲಿಗೆ, ಯಾರೋ ಒಬ್ಬ ಹುಡುಗ ತನ್ನ ಬ್ಲಾಗಿನಲ್ಲಿ ಒಬ್ಬಟ್ಟಿನ ಸಾರಿನ ಬಗ್ಗೆ ಬರೆದು ಲಿಂಕು ಹಾಕಿದ್ದ. ಅದನ್ನು ಓದಿದ ತಿಂಡಿಪೋತರ ಇನ್ನೆರಡು ಸೈಟಿನವರೂ ಹಾಕಿದ್ದರು. ಹೂವಿನ ಬಾಗಿಲಿಗೆ, ಮದುವೆ ಫೋಟೋ ತೆಗೆಯುವವರೊಬ್ಬರು ಮಂಟಪದ ಚಿತ್ರದ ಕೆಳಗೆ ಹಾಕಿದ್ದರು. ಇವರನ್ನು ನಾವು ಕೇಳಿರಲಿಲ್ಲ, ಇವರು ಯಾರೆಂದೂ ನಮಗೆ ಗೊತ್ತಿರಲಿಲ್ಲ. ಛತ್ರದ ಬಾಗಿಲಿಗೆ ಮಾತ್ರ ಮುಯ್ಯಿ ಬಿಟ್ಟರೆ ಒಂದೂ ಇರಲಿಲ್ಲ.

ತೊಂದರೆ ಅರ್ಥವಾಯಿತು. ಸಬ್‌ಡೊಮೇನನ್ನು ಆ ಯಂತ್ರ ಬೇರೆ ಮನೆಯೆಂದೇ ಎಣಿಸುತ್ತಿತ್ತು. ಊಟದ ಮನೆಗೆ ಬಂದ ಹೆಸರು ಊಟದ ಮನೆಗೇ, ಹೂವಿನದು ಹೂವಿಗೇ. ಮದುವೆ ಛತ್ರ ಎಂದು ಹುಡುಕುವವರಿಗೆ ಬೇಕಿದ್ದದ್ದು ಮೂರನೆಯ ಮನೆ, ಅಲ್ಲಿಗೆ ಯಾರೂ ಕೈ ತೋರಿಸಿಲ್ಲ. ಮೂರು ಮನೆಯ ಗೋಡೆ ಕೆಡವಿ, ಒಂದೇ ವಿಳಾಸದೊಳಗೆ ಛತ್ರ, ಊಟ, ಹೂವು ಎಂದು ಮೂರು ಕೋಣೆ ಮಾಡಬೇಕು. ಹಳೇ ಬಾಗಿಲಿಗೆ ಬಂದವರು ತಾವಾಗಿಯೇ ಮುಂಬಾಗಿಲಿಗೆ ಬರುವಂತೆ ಏರ್ಪಾಡು ಮಾಡಬೇಕು. ಆಗ ಬಂದ ಹೆಸರೆಲ್ಲ ಒಂದೇ ಕಡೆ ಸೇರುತ್ತದೆ. ಜೊತೆಗೆ ಮುಯ್ಯಿಯ ಲಿಂಕುಗಳನ್ನು ಕಿತ್ತುಹಾಕಬೇಕು.

ಕೆಲಸ ನನಗೆ ಒಂದು ಮಧ್ಯಾಹ್ನದ್ದು. ಆದರೆ ಛತ್ರ ಉಳಿಸುವ ಹೆಸರು ಇದ್ದದ್ದು ತಮ್ಮಂದಿರ ಬಾಗಿಲಲ್ಲಿ, ಛತ್ರವನ್ನು ಲೀಸಿಗೆ ಕೊಡಬೇಕೆಂದು ಇದ್ದವರೂ ತಮ್ಮಂದಿರೇ. ಅವರು ಯಾಕೆ ಒಪ್ಪುತ್ತಾರೆ?

ಪಿತೃಪಕ್ಷದ ಕೊನೆಗೆ ಮಹಾಲಯ ಅಮಾವಾಸ್ಯೆ ಬಂತು. ಮೂರು ಗೇಟಿನ ಆ ಮನೆಯಲ್ಲಿ ಆ ಒಂದು ದಿನ ಮಾತ್ರ ಒಂದೇ ಒಲೆ ಹಚ್ಚುತ್ತಿದ್ದರು. ಹಿರಿಯರಿಗೆ ಎಡೆ ಇಡುವುದು ದೊಡ್ಡಣ್ಣನ ಮನೆಯಲ್ಲಿ, ಅಡುಗೆ ಮಾಡುವುದು ನಡುವಿನ ತಮ್ಮ, ಫೋಟೋಗಳಿಗೆ ಹೂವು ಹಾಕುವುದು ಕಿರಿಯವನು. ಅವರಿಗೆಲ್ಲ ಮಾಂಸದೂಟ. ನಮಗಾಗಿ ವಡೆ, ಪಾಯಸ, ಕುಂಬಳಕಾಯಿ ಪಲ್ಯ ಬೇರೆಯಾಗಿ ಮಾಡಿ, ಬೇರೆ ಮೂಲೆಯಲ್ಲಿ ಎಲೆ ಹಾಕಿ ಪ್ರತಿವರ್ಷ ಕರೆಯುತ್ತಿದ್ದರು. ಆ ವರ್ಷ ಊಟವಾದ ಮೇಲೆ ನಾನು ವಿಷಯ ತೆಗೆದೆ.

"ಅಣ್ಣನಿಗೋಸ್ಕರ ನಮ್ಮ ಬಾಗಿಲು ಯಾಕೆ ಮುಚ್ಬೇಕು ಮೇಡಂ?" ಎಂದ ಹೂವಿನ ತಮ್ಮ. "ಹೆಂಗೂ ಶೋರೂಮ್ ಆಗೋದೇ. ನನ್ನ ಹೂವು ಬೇರೆ ಛತ್ರಕ್ಕೆ ಹೋಗ್ತದೆ."

"ನನ್ನ ಒಲೆನೂ ಅಷ್ಟೇ," ಎಂದ ಅಡುಗೆಯ ತಮ್ಮ. "ಅಣ್ಣ ಬಾಗಿಲಲ್ಲಿ ನಿಂತು ಊಟ ಆಯ್ತಾ ಅಂತಾನೆ. ಅದೊಂದು ಕೆಲಸನಾ?"

ಮಾಲೀಕರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೂತರು. ನನಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆಂದು ಕಾಣುವುದಿಲ್ಲ. ನನ್ನ ಗಂಡನಿಗೆ ಅದು ಗೊತ್ತು, ಅವನು ತಲೆ ಬಗ್ಗಿಸಿ, ಊಟವಾಗಿದ್ದರೂ, ಪಾತ್ರೆಯಲ್ಲಿ ಉಳಿದಿದ್ದ ಇನ್ನೊಂದು ವಡೆ ಎತ್ತಿಕೊಂಡ.

"ಮೂರು ಗೇಟ್ ಇಟ್ಕೊಂಡು ಪೋಸ್ಟ್‌ಮ್ಯಾನ್‌ನ ತಲಿ ಕೆಡಿಸಿದ್ದು ಸಾಕ್ರಿ," ಎಂದೆ. "ನಿಮ್ಮ ಸಾರಿನ ಬಗ್ಗೆ ಬರದದ್ದನ್ನ ನೀವು ಓದೀರೇನು? ಕೂಡ್ರಿ, ಓದ್ತೀನಿ."

ಆ ಬ್ಲಾಗನ್ನು ನಾನು ಅಚ್ಚು ಹಾಕಿಸಿ ತಂದಿದ್ದೆ. ಇಂಗ್ಲಿಷಿನಲ್ಲಿತ್ತು, ಕನ್ನಡ ಮಾಡುತ್ತ ಓದಿದೆ. ಹುಡುಗ ಸ್ನೇಹಿತನ ಮದುವೆಗೆ ಬಂದಿದ್ದವನು. ಗಡಿಬಿಡಿಯಲ್ಲಿ ಅರ್ಧ ಊಟ ಮಾಡಿ, ಕೈತೊಳೆದು ಹೊರಟಿದ್ದನಂತೆ. ಬಾಗಿಲಲ್ಲಿ ದೊಡ್ಡ ಮೀಸೆಯವರೊಬ್ಬರು ಊಟ ಆಯ್ತಾ ಎಂದರು. ಆಯ್ತು ಎಂದನಂತೆ. ಒಬ್ಬಟ್ಟಿನ ಸಾರು ಹೇಗಿತ್ತು ಎಂದು ಕೇಳಿದರು. ಅದು ಬರುವ ಮೊದಲೇ ಎದ್ದೆ ಎಂದ. ಅವರು ಅವನ ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, ಮುಂದಿನ ಪಂಕ್ತಿಯಲ್ಲಿ ಕೂರಿಸಿ, ಅನ್ನ ಹಾಕಿಸಿ, ಸಾರು ಬಿಡಿಸಿ, ಅವನು ತಿನ್ನುವವರೆಗೂ ಎದುರಿಗೇ ನಿಂತಿದ್ದರಂತೆ. ಅಂಥ ಸಾರನ್ನು ನಾನು ಜೀವಮಾನದಲ್ಲಿ ಉಂಡಿರಲಿಲ್ಲ, ಆ ಮನುಷ್ಯ ಇಲ್ಲದಿದ್ದರೆ ಉಣ್ಣದೆಯೇ ಹೋಗುತ್ತಿದ್ದೆ ಎಂದು ಬರೆದಿದ್ದ.

ಅಡುಗೆಯ ತಮ್ಮ ಅಣ್ಣನ ಕಡೆ ತಿರುಗಿ, "ಕೂರಿಸ್ದೋನು ನೀನೇನಾ?" ಎಂದ.

"ಯಾರೋ ಗೊತ್ತಿಲ್ಲಪ್ಪ. ಮದುವೆಗೆ ಇಬ್ಬರು ಮೂವರನ್ನಾದ್ರೂ ಹಂಗೆ ಕೂರಿಸ್ತೀನಿ," ಎಂದರು ಮಾಲೀಕರು. "ನಿನ್ ಸಾರು ಬಿಟ್ಟು ಹೋಗೋರನ್ನ ಕಂಡ್ರೆ ನಂಗಾಗಲ್ಲ."

ತಮ್ಮ ಎದ್ದು ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದ. ವಾಪಸ್ ಬಂದಾಗ ಮುಖವನ್ನೂ ತೊಳೆದುಕೊಂಡಿದ್ದ.

"ಮೇಡಂ, ಬಾಗಿಲು ಒಂದೇ ಮಾಡಿ," ಎಂದ.

ಹೂವಿನ ತಮ್ಮನಿಗೆ ಒಬ್ಬನೇ ಉಳಿಯಲು ಮನಸ್ಸಿರಲಿಲ್ಲ. ಆದರೂ ಮಾತಿಗೊಂದು ಷರತ್ತು ಹಾಕಿದ: ಸೈಟು ತೆರೆದ ಕೂಡಲೇ ಮೊದಲು ಕಾಣುವುದು ಹೂವು ಹಾಕಿದ ಮಂಟಪವೇ ಆಗಬೇಕು. ಹಾಗೇ ಮಾಡಿದೆ. ಮಂಟಪದ ಕೆಳಗೆ ಒಬ್ಬಟ್ಟಿನ ಸಾರು, ಅದರ ಕೆಳಗೆ ಊಟದ ಹಾಲಿನ ಬಾಗಿಲು, ಬಾಗಿಲಲ್ಲಿ ಮೀಸೆಯವರು. ಹಳೇ ವಿಳಾಸಗಳನ್ನೆಲ್ಲ ಮುಂಬಾಗಿಲಿಗೆ ತಿರುಗಿಸಿದೆ.

ಉಳಿದದ್ದು ಮುಯ್ಯಿ ಕೀಳುವ ಕೆಲಸ. ಇದನ್ನು ಫೋನಿನಲ್ಲಿ ಹೇಳಲು ಮಾಲೀಕರು ಒಪ್ಪಲಿಲ್ಲ. ಕೊಟ್ಟದ್ದನ್ನು ತೆಗೆಯುವಾಗ ಮನೆಗೇ ಹೋಗಿ ಹೇಳಬೇಕು ಎಂದು ಎಲೆ, ಅಡಿಕೆ, ಬಾಳೆಹಣ್ಣು ಕಟ್ಟಿಕೊಂಡು ಮತ್ತೆ ಮೊಪೆಡ್ ಹತ್ತಿದರು. ತಾಂಬೂಲ ಕೊಟ್ಟು, ನಿಮ್ಮ ಲಿಂಕು ತೆಗೀತಿದೀನಿ, ನಮ್ಮದನ್ನೂ ನೀವು ತೆಗೀರಿ, ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ ಎಂದು ಮನೆಮನೆಗೆ ಹೇಳಿ ಬಂದರು. ಬೋರ್‌ವೆಲ್‌ನವರು, ನಮ್ಮದೂ ಮುಳುಗಿದೆ ಅಣ್ಣ, ಕೇಳೋದು ಹೆಂಗೆ ಅಂತ ಸುಮ್ಮನಿದ್ದೆ ಎಂದರಂತೆ. ಟ್ಯಾಂಕರ್‌ನವರು ಬೋರ್‌ವೆಲ್‌ನವರದು ಮೊದಲು ಹೋಗಲಿ, ಆಮೇಲೆ ನನ್ನದು ಎಂದರು. ಡ್ರೈವಿಂಗ್ ಸ್ಕೂಲಿನವರೊಬ್ಬರು ಮಾತ್ರ ಜಗ್ಗಲಿಲ್ಲ. ತಮ್ಮ ಮಗಳ ಮದುವೆಗೆ ಮಾಲೀಕರು ಖುದ್ದು ನಿಂತು ಬಡಿಸಿದ್ದಾರೆ, ಆ ನಂಟನ್ನು ಒಂದು ಯಂತ್ರದ ಮಾತು ಕೇಳಿ ಕಡಿಯುವುದು ಸಾಧ್ಯವಿಲ್ಲ ಎಂದರು. ಒಂದರಿಂದ ಏನಾಗುತ್ತದೆ ಎಂದು ನಾನೂ ಬಿಟ್ಟೆ. ಛತ್ರದ ಸೈಟಿನ ತಳದಲ್ಲಿ ಡ್ರೈವಿಂಗ್ ಸ್ಕೂಲಿನ ಲಿಂಕು ಕೊನೆಯವರೆಗೂ ಇತ್ತು.

ಆಮೇಲೆ ಕಾಯುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಆಯುಧಪೂಜೆಗೆ ನನ್ನ ಕಂಪ್ಯೂಟರಿಗೆ ಮಾಲೀಕರೇ ಬಂದು ಕುಂಕುಮ ಇಟ್ಟು, ನಿಂಬೆಹಣ್ಣು ನಿವಾಳಿಸಿದರು. ಸ್ವಲ್ಪ ದಿನಕ್ಕೆ ಛತ್ರ ಮತ್ತೆ ಕಾಣಿಸಿಕೊಂಡಿತು, ಐದನೇ ಪುಟ. ಆಮೇಲೆ ಮೂರು. ದೀಪಾವಳಿ ಹತ್ತಿರ ಬಂದಾಗ ಮೊದಲ ಪುಟದ ತಳಕ್ಕೆ ಬಂದು ನಿಂತಿತು. ಒಬ್ಬಟ್ಟಿನ ಸಾರು ಎಂದು ಹುಡುಕಿದರೆ ನಾವೇ ಮೊದಲಿಗೆ. ಅಡುಗೆಯ ತಮ್ಮ ದಿನಾ ಮೆಟ್ಟಿಲು ಹತ್ತಿ ಬಂದು ಅದನ್ನೊಂದು ಸಲ ಹುಡುಕಿಸಿ ನೋಡಿ ಹೋಗುತ್ತಿದ್ದ.

ನೆಟ್ಟಲ್ಲಿ ನೋಡಿ ಬಂದೆವು ಎನ್ನುವವರ ಫೋನು ಬರತೊಡಗಿತು. ಕೆಲವರು ಛತ್ರದ ಬಾಡಿಗೆ ಕೇಳುವ ಮೊದಲು, ಫೋಟೋದಲ್ಲಿರುವ ಮೀಸೆಯವರು ಮದುವೆಯ ದಿನ ಇರುತ್ತಾರಾ ಎಂದು ಕೇಳಿದರು. ಮಾಘ, ಫಾಲ್ಗುಣದ ಮುಹೂರ್ತಗಳು ತುಂಬಿದವು. ವೈಶಾಖಕ್ಕೂ ಜನ ಬಂದರು.

ಹಬ್ಬ ಕಳೆದ ವಾರ, ಹಿಂದೆ ಅಳತೆ ತೆಗೆದಿದ್ದ ಶೋರೂಮಿನ ಆ ಇಬ್ಬರೇ ಮಾತು ಮುಗಿಸಲು ಬಂದರು. ಅಂದು ಛತ್ರದಲ್ಲಿ ಒಂದು ನಿಶ್ಚಿತಾರ್ಥ ನಡೆಯುತ್ತಿತ್ತು, ನಾನೂ ಅಲ್ಲಿದ್ದೆ. ಲೀಸು ಬೇಕೆಂದು ಕುಣಿಯುತ್ತಿದ್ದ ಅಡುಗೆಯ ತಮ್ಮನೇ ಸೌಟು ಹಿಡಿದುಕೊಂಡು ಹೊರಗೆ ಬಂದು, "ಹಾಲ್ ಖಾಲಿ ಇಲ್ಲ ಸಾರ್, ಮದುವೆಗಳಿದಾವೆ," ಎಂದ. ಬಂದವರು ಪೆಚ್ಚಾಗಿ ತಿರುಗಿದರೆ ಬಾಗಿಲಲ್ಲಿ ನಮ್ಮ ಮಾಲೀಕರು.

"ಊಟ ಆಯ್ತಾ?" ಎಂದರು.

ಪಾಪ, ಅವರಿಬ್ಬರೂ ಕೂತು ಉಂಡೇ ಹೋದರು. ಅಳತೆಯ ಟೇಪು ಎಲೆಯ ಪಕ್ಕದಲ್ಲಿಟ್ಟುಕೊಂಡು ಒಬ್ಬಟ್ಟಿನ ಸಾರನ್ನು ಸೊರ್ರನೆ ಹೀರುತ್ತಿದ್ದ ಅವರನ್ನು ನೋಡಿ ನನಗೆ ಬಹಳ ಖುಷಿಯಾಯಿತು, ಸ್ವಲ್ಪ ಕನಿಕರವೂ ಆಯಿತು.

ಕೆಲವು ವರ್ಷಗಳ ಮೇಲೆ ನಾವು ಗಿರಿನಗರದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡೆವು. ಗೃಹಪ್ರವೇಶಕ್ಕೆ ಅಣ್ಣತಮ್ಮಂದಿರು ಮೂವರೂ ಒಂದೇ ಆಟೋದಲ್ಲಿ ಬಂದಿಳಿದರು. ಕಿರಿಯವನು ಬಾಗಿಲಿಗೆ ತಾನೇ ಹೂವು ಕಟ್ಟಿದ. ನಡುವಿನವನು ನಮ್ಮ ಅಡುಗೆಯವರನ್ನು ಬದಿಗೆ ಸರಿಸಿ ಸಾರಿನ ರುಚಿ ನೋಡಿದ. ಮಾಲೀಕರು ಹೊಸ ಪಂಚೆಯಲ್ಲಿ ಸುತ್ತಿದ್ದ ದೊಡ್ಡ ಗಂಟೊಂದನ್ನು ನನ್ನ ಮುಂದಿಟ್ಟರು. ಬಿಚ್ಚಿದರೆ ಛತ್ರದ ಹಿತ್ತಾಳೆ ಕೊಳಗ, ಮೊದಲ ಮದುವೆಯಿಂದ ಒಬ್ಬಟ್ಟಿನ ಸಾರು ತುಂಬಿಸುತ್ತಿದ್ದದ್ದು. ಹೊಸದಾಗಿ ಕಲಾಯಿ ಹಾಕಿಸಿ ತಂದಿದ್ದರು.

ಇಷ್ಟು ದೊಡ್ಡ ಆಯೇರಿಗೆ ನಾನು ತಿರುಗಿ ಏನು ಹಾಕಬಲ್ಲೆ ಎಂಬ ಚಿಂತೆ ಮುಖದಲ್ಲಿ ಕಂಡಿರಬೇಕು. "ನಿಮ್ಮ ಮೊಮ್ಮಗಳ ಮದಿವ್ಯಾಗ ನಾನೂ ಹಾಕ್ತೀನ್ರಿ ಯಜಮಾನ್ರ," ಎಂದೆ ಹೇಗೋ.

ಅವರು ಕೈ ಅಡ್ಡ ಹಿಡಿದರು.

"ಬೇಡ ತಾಯಿ. ಇದನ್ನ ವಾಪಸ್ ಮಾಡ್ಬೇಡ. ಮಾಡಿದ್ರೆ ಲೆಕ್ಕಕ್ಕೆ ಬರಲ್ಲ ಅಂತ ನೀನೇ ತಾನೆ ಹೇಳಿದ್ದು?"

ಅಷ್ಟು ಹೇಳಿ, ನನ್ನ ಮನೆಯ ಊಟದ ಪಂಕ್ತಿಯ ಬಾಗಿಲಿಗೆ ಹೋಗಿ ನಿಂತರು. ಹೋಗುವವರನ್ನು ಬರುವವರನ್ನು ಕೇಳತೊಡಗಿದರು. ನನ್ನ ಹುಬ್ಬಳ್ಳಿಯ ಬಂಧುಗಳು ಅವರನ್ನು ಗಂಡನ ಕಡೆಯ ಹಿರಿಯರು ಎಂದುಕೊಂಡರು, ನಾನು ತಿದ್ದಲಿಲ್ಲ. ಕೊಳಗದಲ್ಲಿ ಈಗ ನಾನು ಜೋಳದ ಹಿಟ್ಟು ಇಡುತ್ತೇನೆ. ಮುಯ್ಯಿ ಇನ್ನೂ ಹಿಂದಿರುಗಿಸಿಲ್ಲ.